ಪ್ಲೇಟ್‌ಲೆಟ್ 38 ಸಾವಿರ ಇದ್ದರೂ ಯಾಕೆ ಹಾಕಲಿಲ್ಲ?

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ. ಹೋದ ತಿಂಗಳು ಮೂತ್ರದ ಸೋಂಕು ಜಾಸ್ತಿಯಾಗಿ ಸೆಪ್ಸಿಸ್ ಅಂತ ಐಸಿಯುನಲ್ಲಿ ಇದ್ದರು. ಸೇರಿದ ದಿನ ಪ್ಲೇಟ್‌ಲೆಟ್ 1.4 ಲಕ್ಷ, ನಾಲ್ಕನೇ ದಿನ 38 ಸಾವಿರ. ನಾವು ದಾನಿಗಳನ್ನು ಕರೆತಂದು ನಿಲ್ಲಿಸಿದ್ದರೂ ‘ಈಗ ಬೇಡ’ ಅಂದರು. ಅದಕ್ಕೂ ಮೊದಲು ರಕ್ತ ತೆಳು ಮಾಡುವ ಇಂಜೆಕ್ಷನ್ ಬೇರೆ ಕೊಡುತ್ತಿದ್ದರಂತೆ. ಪಪ್ಪಾಯಿ ಎಲೆ ರಸಕ್ಕೂ ಬಿಡಲಿಲ್ಲ. ತಂದೆ ಈಗ ಹುಷಾರಾಗಿ ಮನೆಯಲ್ಲಿದ್ದಾರೆ, ಆದರೆ ಅಣ್ಣನ ಸಿಟ್ಟು ಇಳಿದಿಲ್ಲ. ಅವರು ಮಾಡಿದ್ದು ಸರಿಯಾ?
– ಓದುಗರು, ದಾವಣಗೆರೆ

ಉತ್ತರ: ತಂದೆ ಮನೆಗೆ ಬಂದರಲ್ಲ, ಅದು ದೊಡ್ಡದು. ನೀವು ಬರೆದಷ್ಟನ್ನು ನೋಡಿದರೆ ಅವರು ಮಾಡಿದ್ದು ಸರಿಯೇ ಇದೆ. ಅಣ್ಣನ ಸಿಟ್ಟೂ ಅರ್ಥವಾಗುತ್ತದೆ. ಪ್ರತಿ ಮಳೆಗಾಲದಲ್ಲಿ ಡೆಂಗ್ಯೂ ಸುದ್ದಿ ಕೇಳಿ ಕೇಳಿ, ಪ್ಲೇಟ್‌ಲೆಟ್ ಇಳಿಯಿತು ಅಂದರೆ ಹಾಕಲೇಬೇಕು ಅನ್ನೋದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. (ಡೆಂಗ್ಯೂನಲ್ಲೂ ಸುಮ್ಸುಮ್ನೆ ಹಾಕುವ ಹಾಗಿಲ್ಲ, ಅದು ಇನ್ನೊಂದು ಸಲದ ಮಾತು.)

ಸಾಮಾನ್ಯವಾಗಿ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಸಣ್ಣ ಕಣಗಳು, ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತದೆ. ಸೆಪ್ಸಿಸ್‌ನಲ್ಲಿ, ಅಂದರೆ ಸೋಂಕಿಗೆ ದೇಹವೇ ವಿಪರೀತವಾಗಿ ಪ್ರತಿಕ್ರಿಯಿಸಿ ಅಂಗಾಂಗಗಳಿಗೆ ಪೆಟ್ಟು ಬೀಳುವ ಸ್ಥಿತಿಯಲ್ಲಿ, ಅದು ಇಳಿಯುವುದು ರಕ್ತ ಸೋರಿ ಹೋಗಿ ಅಲ್ಲ. ಸೋಂಕಿನಿಂದ ಸಣ್ಣ ರಕ್ತನಾಳಗಳ ಒಳಪದರ ಕೆರಳುತ್ತದೆ, ಪ್ಲೇಟ್‌ಲೆಟ್‌ಗಳು ಅಲ್ಲಿಗೇ ಹೋಗಿ ಅಂಟಿಕೊಳ್ಳುತ್ತವೆ. ಅಲ್ಲಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹೆಪ್ಪುಗಳು ಕಟ್ಟುತ್ತವೆ, ಅದಕ್ಕೂ ಪ್ಲೇಟ್‌ಲೆಟ್ ಖರ್ಚಾಗುತ್ತದೆ. ಆ ಹೊತ್ತಿಗೆ ಮೂಳೆಯೊಳಗಿನ ಮಜ್ಜೆಯೂ ಸುಸ್ತಾಗಿ ಹೊಸದನ್ನು ನಿಧಾನವಾಗಿ ಮಾಡುತ್ತಿರುತ್ತದೆ. ಬೇರು ಇರುವುದು ಸೋಂಕಿನಲ್ಲಿ. ಹೊರಗಿನಿಂದ ಹಾಕಿದ ಪ್ಲೇಟ್‌ಲೆಟ್ ತೂತು ಕೊಡದಲ್ಲಿ ನೀರು ಸುರಿದ ಹಾಗೆ ಬೇಗ ಖಾಲಿಯಾಗುತ್ತದೆ. ಒಬ್ಬರೇ ದಾನಿಯಿಂದ ಯಂತ್ರದಲ್ಲಿ ತೆಗೆದ ಎಸ್‌ಡಿಪಿ ಚೀಲ ಸಾಮಾನ್ಯವಾಗಿ 30ರಿಂದ 50 ಸಾವಿರ ಏರಿಸುತ್ತದೆ ಅನ್ನುತ್ತೇವೆ. ಸೆಪ್ಸಿಸ್ ಜೋರಾಗಿರುವಾಗ ಅಷ್ಟು ಏರುವುದೇ ಅಪರೂಪ. ಜೊತೆಗೆ ಅಲರ್ಜಿ, ಜ್ವರ, ಶ್ವಾಸಕೋಶಕ್ಕೆ ತೊಂದರೆ, ಇವೂ ಆಗಬಹುದು. ಪ್ಲೇಟ್‌ಲೆಟ್ ಚೀಲವನ್ನು ಫ್ರಿಜ್‌ನಲ್ಲಿ ಇಡುವುದಿಲ್ಲ, 20ರಿಂದ 24 ಡಿಗ್ರಿಯಲ್ಲಿ ಅಲುಗಾಡಿಸುತ್ತಾ ಇಡುತ್ತಾರೆ, ಹಾಗಾಗಿ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಭಯ ರಕ್ತದ ಚೀಲಕ್ಕಿಂತ ಜಾಸ್ತಿ. ಮೊದಲೇ ಸೋಂಕಿನಿಂದ ನರಳುವವರಿಗೆ ಬೇಕಿಲ್ಲದೆ ಅದನ್ನು ಯಾಕೆ ಕೊಡಬೇಕು, ಅಲ್ವಾ?

ಹಾಗಾದರೆ ಯಾವಾಗ ಹಾಕುತ್ತಾರೆ? 2016ರ ಅಂತಾರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿ ಹೇಳುವುದು ಹೀಗೆ: ರಕ್ತಸ್ರಾವ ಇಲ್ಲದಿದ್ದರೆ 10 ಸಾವಿರಕ್ಕಿಂತ ಕೆಳಗೆ ಇಳಿದಾಗ, ರಕ್ತಸ್ರಾವದ ಅಪಾಯ ಜಾಸ್ತಿ ಇದ್ದರೆ 20 ಸಾವಿರಕ್ಕಿಂತ ಕೆಳಗೆ ಇಳಿದಾಗ. ರಕ್ತ ಹೋಗುತ್ತಿದ್ದರೆ, ಅಥವಾ ಆಪರೇಷನ್ ಮಾಡಬೇಕಿದ್ದರೆ 50 ಸಾವಿರದ ಮೇಲೆ ಇರುವಂತೆ ನೋಡಿಕೊಳ್ಳಬೇಕು. ನಿಮ್ಮ ತಂದೆಗೆ 38 ಸಾವಿರ, ರಕ್ತ ಎಲ್ಲೂ ಹೋಗಿದ್ದನ್ನು ನೀವು ಬರೆದಿಲ್ಲ. ಮೂತ್ರ ಕೆಂಪಾಗಿದ್ದರೆ, ಮಲ ಡಾಂಬರಿನ ಹಾಗೆ ಕಪ್ಪಾಗಿದ್ದರೆ, ಸೂಜಿ ಚುಚ್ಚಿದ ಜಾಗದಿಂದ ರಕ್ತ ಜಿನುಗುವುದು ನಿಲ್ಲದಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು.

ಇನ್ನು ಆ ಇಂಜೆಕ್ಷನ್, ಅಂದರೆ ಹೆಪಾರಿನ್. ಮಲಗಿದಲ್ಲೇ ಇರುವವರ ಕಾಲಿನಲ್ಲಿ ಹೆಪ್ಪು ಕಟ್ಟಬಾರದು ಅಂತ ಸಣ್ಣ ಪ್ರಮಾಣದಲ್ಲಿ ಕೊಡುವುದು ರೂಢಿ. ಪ್ಲೇಟ್‌ಲೆಟ್ ತುಂಬ ಇಳಿದರೆ ನಿಲ್ಲಿಸುತ್ತಾರೆ. ಆದರೆ ಒಂದು ಮಾತು, ಹೆಪಾರಿನ್ ಶುರುವಾಗಿ 5ರಿಂದ 10 ದಿನದ ಒಳಗೆ ಪ್ಲೇಟ್‌ಲೆಟ್ ಅರ್ಧಕ್ಕಿಂತ ಕೆಳಗೆ ಕುಸಿದರೆ ಔಷಧಿಯೇ ಕಾರಣ ಇರಬಹುದು. ಆಗ ಅಪಾಯ ರಕ್ತ ಸೋರುವುದಲ್ಲ, ಹೆಪ್ಪುಗಟ್ಟುವುದು. ಅಲ್ಲಿ ಸುಮ್ಮನೆ ಪ್ಲೇಟ್‌ಲೆಟ್ ಹಾಕುವುದು ತಪ್ಪು ದಾರಿ. ಲಿನೆಜೋಲಿಡ್‌ನಂಥ ಕೆಲವು ಆ್ಯಂಟಿಬಯಾಟಿಕ್‌ಗಳೂ ಹೀಗೆ ಇಳಿಸುತ್ತವೆ. ಹಾಗಾಗಿ ಐಸಿಯು ಡಾಕ್ಟರನ್ನು ಮನೆಯವರು ಕೇಳಬೇಕಾದ್ದು ‘ಎಷ್ಟಿದೆ?’ ಅಂತ ಮಾತ್ರ ಅಲ್ಲ, ‘ಯಾಕೆ ಇಳಿದಿದೆ, ನಿನ್ನೆಗಿಂತ ಹೇಗಿದೆ?’ ಅಂತಲೂ ಕೇಳಿ. ಸೋಂಕು ಹತೋಟಿಗೆ ಬಂದರೆ ಬಹಳ ಜನರಲ್ಲಿ ಒಂದು ವಾರದ ಆಸುಪಾಸಿನಲ್ಲಿ ತಾನೇ ಏರಲು ಶುರುವಾಗುತ್ತದೆ. ಏರದೇ ಕೆಳಗೇ ಉಳಿದರೆ ನಮಗೆ ಆತಂಕ.

ಪಪ್ಪಾಯಿ ಎಲೆ ರಸದ ಬಗ್ಗೆ ಡೆಂಗ್ಯೂನಲ್ಲಿ ಕೆಲವು ಸಣ್ಣ ಅಧ್ಯಯನಗಳಿವೆ. ಅದನ್ನು ಸೆಪ್ಸಿಸ್‌ಗೆ ಎಳೆಯಬೇಡಿ. ಪ್ರಜ್ಞೆ ಸರಿಯಿಲ್ಲದವರ ಮೂಗಿನ ನಳಿಕೆಯಲ್ಲಿ ಮನೆಯಿಂದ ತಂದ ರಸ ಬಿಟ್ಟರೆ ಅದು ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ಬೇಡ ಅಂದಿದ್ದು ಒಳ್ಳೆಯದಾಯಿತು.

ಪ್ರಶ್ನೆ: ನಮ್ಮದು ಮಲೆನಾಡು. ತೋಟದಲ್ಲಿ ಕೆಲಸ ಮಾಡುವವರಿಗೆ ಜ್ವರ ಬಂದು ಪ್ಲೇಟ್‌ಲೆಟ್ ಇಳಿದರೆ ಬರೀ ಸೆಪ್ಸಿಸ್ ಅಂತ ಬಿಟ್ಟುಬಿಡಬಹುದಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಬಿಡಬಾರದು. ಇಲಿ ಜ್ವರ, ಮಲೇರಿಯಾ, ಡೆಂಗ್ಯೂ, ನಿಮ್ಮ ಕಡೆಯ ಮಂಗನ ಕಾಯಿಲೆ (1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲೇ ಮೊದಲು ಗುರುತಾಗಿದ್ದು), ಎಲ್ಲದರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಸ್ಕ್ರಬ್ ಟೈಫಸ್ ಅನ್ನೋ, ಪೊದೆಯ ಸಣ್ಣ ನುಸಿ ಕಚ್ಚಿ ಬರುವ ಜ್ವರವನ್ನಂತೂ ಮರೆಯಬೇಡಿ. ಕಂಕುಳು, ತೊಡೆಸಂದು, ಸೊಂಟದ ಪಟ್ಟಿಯ ಕೆಳಗೆ ಬೀಡಿಯಿಂದ ಸುಟ್ಟಂಥ ಕಪ್ಪು ಗಾಯ ಇದೆಯಾ ನೋಡಿ. ಅದು ನೋಯುವುದಿಲ್ಲ, ರೋಗಿಗೇ ಗೊತ್ತಿರುವುದಿಲ್ಲ. ಇದಕ್ಕೆ ಡಾಕ್ಸಿಸೈಕ್ಲಿನ್ ಬೇಕು. ಸೆಪ್ಸಿಸ್‌ಗೆ ಸಾಮಾನ್ಯವಾಗಿ ಶುರು ಮಾಡುವ ದುಬಾರಿ ಇಂಜೆಕ್ಷನ್‌ಗಳಲ್ಲಿ ಹೆಚ್ಚಿನವು ಇದಕ್ಕೆ ನಾಟುವುದಿಲ್ಲ. ತೋಟದ ಕೆಲಸ, ಉಣ್ಣೆ ಕಚ್ಚಿದ್ದು, ಊರ ಹತ್ತಿರ ಮಂಗ ಸತ್ತಿದ್ದು, ಇದೆಲ್ಲ ಡಾಕ್ಟರಿಗೆ ಮೊದಲೇ ಹೇಳಿ.

ಪ್ರಶ್ನೆ: ಅಮ್ಮನ ಪ್ಲೇಟ್‌ಲೆಟ್ ಒಂದು ಲ್ಯಾಬಿನಲ್ಲಿ 60 ಸಾವಿರ, ಅದೇ ದಿನ ಇನ್ನೊಂದರಲ್ಲಿ 1.8 ಲಕ್ಷ. ಯಾವುದನ್ನು ನಂಬುವುದು?
– ಓದುಗರು, ಧಾರವಾಡ

ಉತ್ತರ: ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ರಾಸಾಯನಿಕದಿಂದ ಕೆಲವರ ಪ್ಲೇಟ್‌ಲೆಟ್‌ಗಳು ಗುಂಪುಗೂಡುತ್ತವೆ, ಆಗ ಯಂತ್ರ ಕಡಿಮೆ ಎಣಿಸುತ್ತದೆ. ರಕ್ತದ ಲೇಪನವನ್ನು ಮೈಕ್ರೋಸ್ಕೋಪಿನಲ್ಲಿ ಕಣ್ಣಾರೆ ನೋಡಲು ಹೇಳಿ. ಬೇಕಿದ್ದರೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಗುಂಪುಗೂಡಿದ್ದು ಖಚಿತವಾದರೆ ಅಮ್ಮನ ಫೈಲಿನ ಮೊದಲ ಪುಟದಲ್ಲೇ ಅದನ್ನು ದೊಡ್ಡದಾಗಿ ಬರೆಸಿಟ್ಟುಬಿಡಿ.