ಹಾಸಿಗೆ ಹುಣ್ಣಿಗೆ ಗಾಳಿ ರಿಂಗ್ ತರಬೇಕಾ?

ಲಕ್ವಾ ಹೊಡೆದು ಮಲಗಿರುವ ನಿಮ್ಮ ತಂದೆಯವರಿಗೆ ಟೊಂಕದ ಕೆಳಗೆ ಕೆಂಪಾಗಿದೆ, ನಡುವೆ ತೂತಿರುವ ಗಾಳಿ ರಿಂಗ್ ತರಲಾ ಅಂತ ಕೇಳಿದ್ದೀರಿ. ತರಬೇಡಿ. ನಾನು ಡಾಕ್ಟರ್ ಅಲ್ಲ, ಜಮಖಂಡಿ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅವ್ವ ಹಾಸಿಗೆ ಹಿಡಿದಾಗ ಮನೆಯಲ್ಲೇ ನೋಡಿಕೊಂಡಿದ್ದೆವು.

ಎಂಟನೇ ಇಯತ್ತೆಯ ಪಾಠ ನೆನಪಿದೆಯಾ? ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ. ಮಳೆಯಾದ ಎರಿ ಹೊಲದಲ್ಲಿ ಬರಿಗಾಲಲ್ಲಿ ನಿಂತರೆ ಕಾಲು ಹೂತು ಹೋಗುತ್ತದೆ, ಹಲಗೆ ಹಾಕಿ ನಿಂತರೆ ಅಷ್ಟು ಹೂಳೋದಿಲ್ಲ. ಟೊಂಕದ ಎಲುಬಿನಿಂದ 10 ಕಿಲೋ ಭಾರ ಅಂಗೈಯಗಲ ಜಾಗಕ್ಕೆ, ಅಂದರೆ ಸುಮಾರು 100 ಚದರ ಸೆಂಟಿಮೀಟರಿಗೆ ಬೀಳುತ್ತದೆ ಅಂದುಕೊಳ್ಳಿ. ಒತ್ತಡ 10,000 ಪಾಸ್ಕಲ್ ಹತ್ತಿರ. ಬಿ.ಪಿ. ಅಳೆಯುವ ಲೆಕ್ಕದಲ್ಲಿ ಹೇಳಿದರೆ 75. ಚರ್ಮದ ಅತಿ ಸಣ್ಣ ರಕ್ತನಾಳಗಳ ಒಳಗಿನ ಒತ್ತಡ ಸುಮಾರು 32 ಅಂತ ಪುಸ್ತಕಗಳಲ್ಲಿ ಕೊಡುತ್ತಾರೆ. ಹೊರಗಿನ ಒತ್ತಡ ಇದನ್ನು ಮೀರಿ ಬಹಳ ಹೊತ್ತು ನಿಂತರೆ ನಾಳ ಮುಚ್ಚಿಕೊಳ್ಳುತ್ತದೆ, ರಕ್ತ ಸಿಗದ ಚರ್ಮ ಸಾಯುತ್ತದೆ. ಅದೇ 10 ಕಿಲೋ 300 ಚದರ ಸೆಂಟಿಮೀಟರಿಗೆ ಹರಡಿದರೆ 25ಕ್ಕೆ ಇಳಿಯಿತು.

ರಿಂಗ್ ಮಾಡೋದು ಇದರ ಉಲ್ಟಾ. ನಡುವಿನ ಜಾಗ ಬಿಟ್ಟು ಭಾರವನ್ನೆಲ್ಲ ಅಂಚಿಗೆ ಹಾಕುತ್ತದೆ. ಸುತ್ತಲೂ ಅಂಚು ಒತ್ತಿದ್ದರಿಂದ ನಡುವಿನ ಚರ್ಮಕ್ಕೂ ರಕ್ತ ಸರಿಯಾಗಿ ಬರೋದಿಲ್ಲ.

ಜಾಸ್ತಿ ದುಡ್ಡಾದರೂ ಪಂಪ್ ಇರುವ ಗಾಳಿ ಹಾಸಿಗೆ ತನ್ನಿ. ಅದರ ಗುಳ್ಳೆಗಳು ಸರದಿಯಂತೆ ಉಬ್ಬಿ ಇಳಿಯುತ್ತವೆ. ಮೇಲೆ ಕೌದಿ ಮಾತ್ರ ಹಾಸಬೇಡಿ. ಮೆತ್ತಗಿರಲಿ ಅಂತ ಮನೆಯವರು ಪದರ ಪದರ ಹಾಸುತ್ತಾರೆ, ಹಾಸಿಗೆ ತಂದದ್ದೇ ದಂಡವಾಗುತ್ತದೆ. ತೆಳು ಚಾದರ ಒಂದೇ ಸಾಕು, ಸುಕ್ಕಿರಬಾರದು. ಹಾಸಿಗೆಯ ಕೆಳಗೆ, ಟೊಂಕದ ನೇರಕ್ಕೆ ಅಂಗೈ ಮೇಲೆ ಮಾಡಿ ತೂರಿಸಿ ನೋಡಿ. ಕೈಗೂ ಮೈಗೂ ನಡುವೆ ಒಂದು ಇಂಚಿನಷ್ಟು ಗಾಳಿ ಸಿಗಬೇಕು. ಎಲುಬು ಕೈಗೆ ಹತ್ತಿದರೆ ಗಾಳಿ ಸಾಲದು. ಕರೆಂಟ್ ಹೋದಾಗಲೂ ಹೀಗೆ ನೋಡುತ್ತಿರಿ.

ಈ ಹಾಸಿಗೆ ಇದ್ದರೂ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಲೇಬೇಕು. ಪೂರ್ತಿ ಪಕ್ಕಕ್ಕೆ ಹೊರಳಿಸಿದರೆ ಚಪ್ಪೆ ಎಲುಬಿಗೆ ಭಾರ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ವಾರೆ ಮಾಡಿ (ಕೋನಮಾಪಕ ಬೇಡ, ಅಂದಾಜು ಸಾಕು). ಎಳೆದು ಸರಿಸಬೇಡಿ, ಚರ್ಮ ತರಚುತ್ತದೆ. ಹಳೇ ಇಳಕಲ್ ಸೀರೆ ಮಡಚಿ ಮೈ ಕೆಳಗೆ ಹಾಕಿ, ಇಬ್ಬರು ಎರಡೂ ಕಡೆ ಹಿಡಿದು ಎತ್ತಿ ಸರಿಸಿ. ಮೀನಖಂಡದ ಕೆಳಗೆ ದಿಂಬಿಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗೋದಿಲ್ಲ.

ಈಗ ಆ ಕೆಂಪು ಜಾಗ. ಬೆರಳಿಂದ ಒತ್ತಿ ಬಿಡಿ. ಬಿಳುಪಾಗಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಕೆಂಪು ಹಾಗೇ ಇದ್ದರೆ ಅದು ಹುಣ್ಣಿನ ಮೊದಲ ಹಂತ. ನಮ್ಮಂಥ ಕಪ್ಪು ಮೈಯವರಲ್ಲಿ ಇದು ಸರಿಯಾಗಿ ಕಾಣೋದಿಲ್ಲ, ಸುತ್ತಲಿನ ಚರ್ಮಕ್ಕಿಂತ ಬಿಸಿ ಅಥವಾ ಗಟ್ಟಿ ಇದೆಯಾ ಅಂತ ಮುಟ್ಟಿ ನೋಡಬೇಕು. ಲಕ್ವಾ ಆದ ಕಡೆ ಸ್ಪರ್ಶವೇ ತಿಳಿಯದಿರಬಹುದು, ಹಾಗಾಗಿ ಅವರು ನೋವು ಅನ್ನಲಿ ಅಂತ ಕಾಯಬೇಡಿ.

ಆ ಜಾಗ ತಿಕ್ಕಬೇಡಿ. ಸ್ಪಿರಿಟ್, ಪೌಡರ್ ಏನೂ ಹಚ್ಚಬೇಡಿ. ಚರ್ಮ ಒಡೆದಿದ್ದರೆ ಸಲೈನಿನಿಂದ ತೊಳೆದು, ಯಾವ ಡ್ರೆಸ್ಸಿಂಗ್ ಅಂತ ನರ್ಸ್ ಹತ್ತಿರ ಕೇಳಿ. ಕಪ್ಪಾದರೆ, ಕೀವು, ವಾಸನೆ ಅಥವಾ ಜ್ವರ ಬಂದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಹುಣ್ಣು ಮಾಯೋದು ತಡ, ಅದನ್ನೂ ಟೆಸ್ಟ್ ಮಾಡಿಸಿ.