ಬ್ಯಾಕ್‌ಹ್ಯಾಂಡ್ ಸ್ಮ್ಯಾಶ್ ಕುರಿತ ನಿಮ್ಮ ಲೇಖನದ ಬಗ್ಗೆ

ಪ್ರಿಯ ಲೇಖಕರೇ,

ನಮಸ್ಕಾರ. ಟೆನಿಸ್‌ನ ಬ್ಯಾಕ್‌ಹ್ಯಾಂಡ್ ಸ್ಮ್ಯಾಶ್ (ತಲೆಯ ಮೇಲೆ ಬಂದ ಚೆಂಡನ್ನು ಅಂಗೈಯ ಹಿಂಬದಿ ಮುಂದಾಗುವಂತೆ ಬಾರಿಸುವ ಹೊಡೆತ) ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಕೈಬಿಡಿ ಎನ್ನಲೂ ಮನಸ್ಸಿಲ್ಲ. ನಮಗೆ ಬರುವ ಟೆನಿಸ್ ಬರಹಗಳಲ್ಲಿ ಸ್ಕೋರು, ಬಹುಮಾನದ ಮೊತ್ತ, ಯಾರು ಯಾರನ್ನು ಸೋಲಿಸಿದರು ಎಂಬುದೇ ಹೆಚ್ಚು. ಒಂದು ಹೊಡೆತವನ್ನು ಹೇಗೆ ಹೊಡೆಯಬೇಕೆಂದು ಬರೆಯಲು ಹೊರಟವರು ಅಪರೂಪ. ಅದಕ್ಕೇ ಇಷ್ಟು ಉದ್ದದ ಉತ್ತರ.

ಟೆನಿಸ್ ಹುಟ್ಟಿದ ಕಥೆಯಿರುವ ಮೊದಲ ಪುಟ ತೆಗೆಯಿರಿ. ರೋಜರ್ ಫೆಡರರ್ ಈ ಹೊಡೆತದ ಬಲದಿಂದಲೇ 20 ಗ್ರ್ಯಾಂಡ್‌ಸ್ಲಾಮ್ ಗೆದ್ದರು ಎಂಬ ಸಾಲೂ ಹೋಗಬೇಕು. ಅವರನ್ನು ಗೆಲ್ಲಿಸಿದ್ದು ಸರ್ವ್ ಮತ್ತು ಫೋರ್‌ಹ್ಯಾಂಡ್ (ಅಂಗೈ ಮುಂದಾಗುವ ಹೊಡೆತ). ಬ್ಯಾಕ್‌ಹ್ಯಾಂಡ್ ಸ್ಮ್ಯಾಶನ್ನು ಅವರು ಬಹಳ ಚೆಂದ ಹೊಡೆಯುತ್ತಿದ್ದರು, ನಿಜ. ಆದರೆ ಇದು ಯಾರೂ ಬಯಸಿ ಹೊಡೆಯುವ ಹೊಡೆತವಲ್ಲ. ಬಲಗೈ ಆಟಗಾರನ ಎಡ ಭುಜದ ಮೇಲೆ ಲಾಬ್ (ತಲೆ ಮೇಲಿಂದ ಹಾಯುವಂತೆ ಎತ್ತಿ ಹೊಡೆದ ಚೆಂಡು) ಎದ್ದಾಗ ಅವನು ಮೊದಲು ನೋಡುವುದು ಎಡಕ್ಕೆ ಸರಿದು ಫೋರ್‌ಹ್ಯಾಂಡಿನಲ್ಲೇ ಬಾರಿಸಲು ಆಗುತ್ತದೆಯೇ ಎಂದು. ಚೆಂಡು ತೀರಾ ಎತ್ತರ ಹೋಗಿದ್ದರೆ ನೆಲಕ್ಕೆ ಬೀಳಲು ಬಿಟ್ಟು, ಅಷ್ಟರಲ್ಲಿ ಸುತ್ತಿ ಬರುತ್ತಾನೆ. ಎರಡೂ ಆಗದಿದ್ದಾಗ ಉಳಿಯುವುದು ಬ್ಯಾಕ್‌ಹ್ಯಾಂಡ್. ಈ ನಿರ್ಧಾರದ ಕ್ಷಣ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಲೇಖನ ಅಲ್ಲಿಂದಲೇ ಶುರುವಾಗಬೇಕು.

ಇನ್ನು ಹಿಡಿತ. ‘ಹೆಬ್ಬೆರಳನ್ನು ಹಿಡಿಯ ಹಿಂದೆ ನೇರವಾಗಿ ಒತ್ತಿ ಮಣಿಕಟ್ಟು ಚಿಮ್ಮಿಸಿದರೆ ಚೆಂಡು ಸಿಡಿಲಿನಂತೆ ಎರಗುತ್ತದೆ’ ಎಂದಿದ್ದೀರಿ. ಅದು ಬ್ಯಾಡ್ಮಿಂಟನ್ ಹಿಡಿತ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತೌಫಿಕ್ ಹಿದಾಯತ್ ಬ್ಯಾಕ್‌ಹ್ಯಾಂಡ್ ಸ್ಮ್ಯಾಶ್‌ಗೇ ಹೆಸರಾದವರು, ಆದರೆ ಅವರು ಹೊಡೆಯುತ್ತಿದ್ದ ಶಟಲ್‌ನ ತೂಕ 5 ಗ್ರಾಂ ಆಸುಪಾಸು. ಟೆನಿಸ್ ಚೆಂಡು 56 ಗ್ರಾಂಗಿಂತ ಕಡಿಮೆ ಇರುವಂತಿಲ್ಲ. ರ‍್ಯಾಕೆಟ್ಟಿನದೂ ಅದೇ ಕಥೆ: ಅಲ್ಲಿ 100 ಗ್ರಾಂ ಒಳಗೆ, ಇಲ್ಲಿ ಸುಮಾರು 300. ನಿಮ್ಮ ಮಾತು ನಂಬಿ ಓದುಗ ಬರೀ ಮಣಿಕಟ್ಟಿನಿಂದ ಚಿಮ್ಮಿಸಲು ಹೋದರೆ ಕೈಗೆ ಪೆಟ್ಟಾಗುತ್ತದೆ. ಕಲಿಸುವ ಬರಹದಲ್ಲಿ ಈ ಹೊಣೆ ಬರೆದವರದ್ದೇ.

ಇಲ್ಲಿ ಬೇಕಾದದ್ದು ಕಾಂಟಿನೆಂಟಲ್ ಹಿಡಿತ. ನೀವು ಅದರ ಹೆಸರು ಹೇಳಿ ಮುಂದೆ ಹೋಗಿದ್ದೀರಿ. ಓದುಗನ ಕೈಗೆ ಅದನ್ನು ತೋರಿಸಿ. ರ‍್ಯಾಕೆಟ್ಟಿನ ಹಿಡಿಗೆ ಎಂಟು ಮುಖ. ರ‍್ಯಾಕೆಟ್ಟಿನ ಅಂಚು ನೆಲ ನೋಡುವಂತೆ ಹಿಡಿದಾಗ ಮೇಲಿರುವುದು ಒಂದನೆಯದು, ಅದರ ಬಲಕ್ಕೆ ಓರೆಯಾಗಿ ಇಳಿಯುವುದು ಎರಡನೆಯದು. ಬಲಗೈಯವರ ತೋರುಬೆರಳಿನ ಬುಡದ ಗೆಣ್ಣು ಈ ಎರಡನೆಯ ಮುಖದ ಮೇಲೆ ಕೂರಬೇಕು. ಕೆಲವರು ಒಂದನೆಯದರ ಕಡೆಗೆ ಕೂದಲೆಳೆಯಷ್ಟು ಸರಿಸುತ್ತಾರೆ, ಅದೂ ಸರಿ. ನೆಟ್ ಹತ್ತಿರ ವಾಲಿಗೆ (ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವುದಕ್ಕೆ), ಮಾಮೂಲಿ ಸ್ಮ್ಯಾಶಿಗೆ ಇದೇ ಹಿಡಿತವಾದ್ದರಿಂದ ಬದಲಿಸುವ ಗೋಜಿಲ್ಲ. ಫೋರ್‌ಹ್ಯಾಂಡಿಗೆ ಬಳಸುವ ಸೆಮಿ ವೆಸ್ಟರ್ನ್ ಹಿಡಿತದಲ್ಲೇ ಉಳಿದರೆ ತಂತಿಗಳು ಆಕಾಶಕ್ಕೆ ಮುಖ ಮಾಡುತ್ತವೆ, ಚೆಂಡು ತೇಲಿ ಎದುರಾಳಿಗೆ ಸುಲಭದ ತುತ್ತಾಗುತ್ತದೆ. ಬೆರಳು ಸಡಿಲವಾಗಿರಲಿ, ಚೆಂಡು ತಗಲುವ ಗಳಿಗೆಯಲ್ಲಷ್ಟೇ ಬಿಗಿಯಾಗಲಿ.

‘ದೇಹವನ್ನು ಸೂಕ್ತವಾಗಿ ತಿರುಗಿಸಿ’ ಎಂದಿದ್ದೀರಿ. ‘ಸೂಕ್ತವಾಗಿ’ ಅಂದರೆ ಓದುಗ ಏನು ಮಾಡಬೇಕು? ಬಲಗಾಲು ಎಡಗಾಲನ್ನು ದಾಟಿ ಮುಂದಕ್ಕೆ ಬರುತ್ತದೆ, ಬೆನ್ನು ಹೆಚ್ಚುಕಡಿಮೆ ನೆಟ್ ಕಡೆಗಾಗುತ್ತದೆ, ಬಲ ಭುಜದ ಮೇಲಿಂದ ಕಣ್ಣು ಚೆಂಡನ್ನು ಹಿಡಿಯುತ್ತದೆ. ಎಡಗೈ ರ‍್ಯಾಕೆಟ್ಟಿನ ಕುತ್ತಿಗೆ ಹಿಡಿದು ಹಿಂದಕ್ಕೆ ತರುತ್ತದೆ. ಆಗ ಮೊಣಕೈ ಮೇಲೆದ್ದು ರ‍್ಯಾಕೆಟ್ಟಿನ ತಲೆ ಕೆಳಕ್ಕೆ ಜೋತು ಬೀಳಬೇಕು. ಇಡೀ ಹೊಡೆತದ ಗುಟ್ಟು ಆ ಮೊಣಕೈಯಲ್ಲಿದೆ. ಅದು ಕೆಳಗೇ ಉಳಿದರೆ ಆಮೇಲೆ ಏನು ಮಾಡಿದರೂ ಚೆಂಡು ನೆಟ್ಟಿಗೇ. ಮೊಣಕೈ ಮೇಲೆದ್ದ ಮೇಲೆ ಮುಂಗೈ ಅಲ್ಲಿಂದ ಬಿಚ್ಚಿಕೊಂಡು, ತೋಳು ಪೂರ್ತಿ ಚಾಚಿದಾಗ, ಭುಜಕ್ಕಿಂತ ತುಸು ಮುಂದೆ ಚೆಂಡನ್ನು ಸೇರುತ್ತದೆ.

ಇದರಲ್ಲಿ ಬಲ ಯಾಕೆ ಕಡಿಮೆ ಎಂಬುದನ್ನೂ ಬರೆಯಿರಿ. ಫೋರ್‌ಹ್ಯಾಂಡ್ ಸ್ಮ್ಯಾಶಿಗೆ ಎದೆಯ ದೊಡ್ಡ ಸ್ನಾಯುಗಳು, ಸೊಂಟದ ತಿರುವು ಎಲ್ಲ ಒದಗುತ್ತವೆ. ಇಲ್ಲಿ ದುಡಿಯುವುದು ಭುಜದ ಹಿಂಬದಿಯ ಸಣ್ಣ ಸ್ನಾಯುಗಳು ಮತ್ತು ತೋಳಿನ ಹಿಂಭಾಗ. ಆದ್ದರಿಂದ ಸಿಡಿಲಿನ ಮಾತು ಬಿಡಿ, ಜಾಗದ ಮಾತಾಡಿ. ಎಡ ಅಂಚಿನಿಂದ ಕ್ರಾಸ್‌ಕೋರ್ಟ್ (ಕೋರ್ಟಿಗೆ ಅಡ್ಡಲಾಗಿ, ಓರೆಯಾಗಿ) ಹೊಡೆದರೆ ಚೆಂಡು ನೆಟ್‌ನ ಮಧ್ಯಭಾಗದತ್ತ ದಾಟುತ್ತದೆ. ಕಂಬದ ಬಳಿ 3 ಅಡಿ 6 ಇಂಚು ಇರುವ ನೆಟ್ ನಡುವೆ 3 ಅಡಿಯಷ್ಟೇ, ಹಾಗಾಗಿ ಚೆಂಡು ಸಿಕ್ಕಿಕೊಳ್ಳುವ ಭಯ ಕಡಿಮೆ.

ಡಬಲ್ಸ್ ವಿಷಯ ನೀವು ಮುಟ್ಟಿಯೇ ಇಲ್ಲ, ಆದರೆ ಈ ಹೊಡೆತ ಹೆಚ್ಚಾಗಿ ಬೇಕಾಗುವುದು ಅಲ್ಲೇ. ಇಬ್ಬರೂ ಬಲಗೈಯವರಾದರೆ ನಡುವೆ ಬಂದ ಲಾಬ್ ಎಡಗಡೆ ನಿಂತವರ ಫೋರ್‌ಹ್ಯಾಂಡಿಗೆ ಸಿಗುತ್ತದೆ. ಎಡ ಅಂಚಿನ ಗೆರೆಯ ಮೇಲೆ ಎದ್ದ ಲಾಬ್‌ಗೆ ಜೊತೆಗಾರನ ನೆರವು ಸಿಗದು, ಎಡಗಡೆಯವರೇ ಬ್ಯಾಕ್‌ಹ್ಯಾಂಡಿನಲ್ಲಿ ಆಡಬೇಕು. ಕೊಡಗಿನಲ್ಲಿ ಬೆಳೆದ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರಲ್ಲ, ಆ ಪಂದ್ಯಗಳನ್ನು ಹಾಕಿಕೊಂಡು ಕೂತು ನೋಡಿ. ಲಾಬ್ ಎದ್ದೊಡನೆ ನಾಲ್ವರ ಕಾಲುಗಳು ಏನು ಮಾಡುತ್ತವೆ ಎಂಬುದನ್ನಷ್ಟೇ ಗಮನಿಸಿ ಬರೆದುಕೊಳ್ಳಿ.

ಮೂರನೇ ಪುಟದಲ್ಲಿ ಒಂದು ಸಾಲಿದೆ: ‘ಬಿಸಿಲಿಗೆ ಚೆಂಡು ಕಾಣದೆ, ಭುಜದ ಮೇಲಿಂದ ಹುಡುಕಲು ಹೋಗಿ ಕತ್ತು ಹಿಡಿದುಕೊಂಡಿತು.’ ಆಡಿದವರು ಮಾತ್ರ ಬರೆಯಬಲ್ಲ ಸಾಲು ಅದು. ಉಳಿದದ್ದೆಲ್ಲ ಓದಿ ಬರೆದಂತಿದೆ, ಇದೊಂದು ಕೋರ್ಟಿನಿಂದ ಬಂದಿದೆ. ಅಂಥವು ನಿಮ್ಮಲ್ಲಿ ಇನ್ನೂ ಇರಲೇಬೇಕು, ಅವನ್ನು ಹೊರತೆಗೆಯಿರಿ. ಬದುಕೂ ಒಂದು ಟೆನಿಸ್ ಪಂದ್ಯ ಎನ್ನುವ ಕೊನೆಯ ಪ್ಯಾರಾ ಬೇಡ.

800 ಪದ ಸಾಕು. ಹಿಡಿತದ್ದೊಂದು, ಮೊಣಕೈ ಮೇಲೆದ್ದಾಗಿನದ್ದೊಂದು ಫೋಟೊ ಜೊತೆಗಿರಲಿ. ನಿಮ್ಮದೇ ಕೈಯಾದರೆ ಒಳ್ಳೆಯದು. ಎಡಗೈಯವರಿಗೆ ಎಲ್ಲವನ್ನೂ ಅದಲುಬದಲು ಮಾಡಿಕೊಳ್ಳಲು ಒಂದು ಸೂಚನೆ ಸೇರಿಸಿ. ಬರೆದಾದ ಮೇಲೆ ಟೆನಿಸ್ ಕಲಿಯುತ್ತಿರುವ ಯಾರಿಗಾದರೂ ಓದಿ ಹೇಳಿ, ಅವರು ರ‍್ಯಾಕೆಟ್ ಹಿಡಿದು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಿ, ಆಮೇಲೆ ನನಗೆ ಕಳಿಸಿ.

ವಿಶ್ವಾಸದಿಂದ,
ಸಂಪಾದಕ