ಅಕ್ಷರ ಎಲ್ಲ ಬರುತ್ತೆ, ಪದ ಓದೋಕೆ ಬರಲ್ಲ: ಮಗುವಿಗೆ ಯಾವ ಆ್ಯಪ್ ಹಾಕಿಕೊಡಲಿ?

ನಿಮ್ಮ ಮಗಳಿಗೆ ಐದೂವರೆ ವರ್ಷ, ಅಕ್ಷರಮಾಲೆ ಪೂರ್ತಿ ಗಡಗಡ ಹೇಳುತ್ತಾಳೆ, ಆದರೆ ‘ಸರ’ ಅಂತ ಬರೆದು ತೋರಿಸಿದರೆ ಮುಖ ನೋಡುತ್ತಾಳೆ ಎಂದಿದ್ದೀರಿ. ನಾನು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಟೀಚರ್, ಅಂದರೆ ಚಿಕ್ಕ ಮಕ್ಕಳಿಗೆ ಕಾರ್ಡು, ಆಟಗಳಿಂದ ಕಲಿಸುವ ಪದ್ಧತಿಯವಳು. ಆ್ಯಪ್ ಆಮೇಲೆ ನೋಡೋಣ, ಮೊದಲು ಹಳೇ ರಟ್ಟು ಕತ್ತರಿಸಿ ಕಾರ್ಡು ಮಾಡಿ.

ಅವಳು ಅಕ್ಷರಗಳನ್ನು ಹಾಡಿನ ಹಾಗೆ ಕಲಿತಿದ್ದಾಳೆ. ಅ, ಆ, ಇ, ಈ ಇಟ್ಟುಕೊಂಡು ಎಷ್ಟು ಪದ ಕಟ್ಟೋಕಾಗುತ್ತೆ ಹೇಳಿ? ಅದಕ್ಕೇ ನಲಿ-ಕಲಿಯಲ್ಲಿ ರ, ಗ, ಸ, ದ, ಅ ಇಂದ ಶುರು ಮಾಡುತ್ತೇವೆ. ಐದೇ ಅಕ್ಷರ, ಆದರೆ ಸರ, ದರ, ಅರಸ, ದಸರ, ಗರಗಸ ಎಲ್ಲ ಬರುತ್ತವೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ತಾವೇ ಕೂತು ಕಾರ್ಡು ಮಾಡಿ ಶುರು ಮಾಡಿದ ಪದ್ಧತಿ ಇದು. ನನಗೆ ಅವರ ಮೇಲೆ ತುಂಬಾ ಗೌರವ.

ಪ್ರತಿ ಅಕ್ಷರಕ್ಕೂ ಎರಡೆರಡು ಕಾರ್ಡು ಇರಲಿ, ಇಲ್ಲದಿದ್ದರೆ ಗರಗಸ ಆಗಲ್ಲ. ನೆಲದ ಮೇಲೆ ಹರಡಿ. ನೀವು ‘ಸರ’ ಅನ್ನಿ, ಅವಳು ಹುಡುಕಿ ಜೋಡಿಸಲಿ. ಕೆಳಗೆ ಬೆರಳು ಎಳೆಯುತ್ತಾ ಬಿಡಿಸದೆ ಒಟ್ಟಿಗೆ ಓದಲಿ. ಇದು ಬಂದ ಮೇಲೆ ಜ, ವ, ಮ, ಬ, ನ ಸೇರಿಸಿ. ಈಗ ‘ಸರ’ದ ಸ ತೆಗೆದು ಮ ಇಡಿ, ಏನೂ ಹೇಳಬೇಡಿ. ಕತ್ತಿನ ಸರ ಇದ್ದಲ್ಲಿ ಮರ ಬಂತು ಅಂತ ಅವಳಿಗೇ ಹೊಳೆಯಬೇಕು. ಹೊಳೆದ ಮಗು ಆಮೇಲೆ ಸುಮ್ನೆ ಕೂರಲ್ಲ, ತಾನೇ ಕಾರ್ಡು ಬದಲಾಯಿಸುತ್ತಾ ಹೋಗುತ್ತೆ. ‘ಮಸ’ ಅಂತ ಅರ್ಥವಿಲ್ಲದ್ದು ಜೋಡಿಸಿದರೂ ತಡೆಯಬೇಡಿ. ಅದನ್ನು ಓದಿದಳು ಅಲ್ವಾ, ಅಷ್ಟು ಸಾಕು.

ಕಾಗುಣಿತಕ್ಕೆ ರಟ್ಟಿನಲ್ಲಿ ಒಂದು ಕಿಟಕಿ ಕೊರೆದು, ಅದರೊಳಗೆ ಸ, ಸಾ, ಸಿ, ಸೀ ಬರೆದ ಪಟ್ಟಿ ಎಳೆಯುವ ಹಾಗೆ ಮಾಡಿ. ಗುಡಿಸು, ಕೊಂಬುಗಳನ್ನು ಬೇರೆ ಚೂರುಗಳಾಗಿ ಕತ್ತರಿಸಿ ಅಂಟಿಸೋಕೆ ಹೋಗಬೇಡಿ. ಗುಡಿಸು ಬಂದರೆ ತಲೆಕಟ್ಟು ಹೋಗುತ್ತೆ, ಅಕ್ಷರದ ಆಕಾರವೇ ಬದಲಾಗುತ್ತೆ, ಮಗು ಗೊಂದಲಕ್ಕೆ ಬೀಳುತ್ತೆ. ಒತ್ತಕ್ಷರ ಈಗ ಬೇಡವೇ ಬೇಡ. ಕನ್ನಡದಲ್ಲಿ ಕಾಗುಣಿತ, ಒತ್ತು ಸೇರಿ ನೂರಾರು ರೂಪಗಳಿವೆ. ಎಷ್ಟೋ ಮಕ್ಕಳು ಮೂರು, ನಾಲ್ಕನೇ ತರಗತಿವರೆಗೂ ಕಲಿಯುತ್ತಲೇ ಇರುತ್ತಾರೆ. ಐದೂವರೆಗೆ ಗಾಬರಿ ಯಾಕೆ?

ಇನ್ನು ಆ್ಯಪ್. ಮುಟ್ಟಿದ ತಕ್ಷಣ ಅದೇ ಓದಿ ಹೇಳಿಬಿಟ್ಟರೆ ಓದಿದ್ದು ಆ್ಯಪು, ಮಗು ಅಲ್ಲ. ಅಕ್ಷರ ಎಳೆದು ಪದ ಕಟ್ಟಿಸುವಂಥದ್ದು ಸಿಕ್ಕರೆ ಹಾಕಿಕೊಳ್ಳಿ, ಪಕ್ಕದಲ್ಲಿ ನೀವೂ ಕೂತಿರಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ಒಂದನೇ ಹಂತದ ಕಥೆಗಳಲ್ಲಿ ಪುಟಕ್ಕೆ ಒಂದೆರಡು ಸಾಲು ಮಾತ್ರ ಇರುತ್ತೆ. ಒಂದನ್ನು ಪ್ರಿಂಟ್ ತೆಗೆಸಿ. ನೀವು ಓದುತ್ತಾ ಹೋಗಿ, ಅವಳ ಕಾರ್ಡಿನಲ್ಲಿರುವ ಪದ ಬಂದಾಗ ನಿಲ್ಲಿಸಿ, ಅದನ್ನು ಅವಳು ಓದಲಿ.